ಬಾಣಂತಿಯ ಕ್ಯಾಲ್ಸಿಯಂಗೆ ರಾಗಿಯೋ, ಹಾಲೋ, ಮಾತ್ರೆಯೋ?

ಮಲ್ಲೇಶ್ವರದ ನಮ್ಮ ಮನೆಯಲ್ಲಿ ತಂಗಿ ಬಾಣಂತಿ. ಅಮ್ಮ ರಾಗಿ ಗಂಜಿ ಅನ್ನುತ್ತಾರೆ, ಅವಳ ಅತ್ತೆ ಹಾಲು ಅನ್ನುತ್ತಾರೆ.

ಹಾಲೂಡಿಸುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 240. ರಾಗಿಯೇ ಜಾಸ್ತಿ, ಅಲ್ವಾ? ಆದರೆ ಅದರಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು, ಪೂರ್ತಿ ಮೈಗೆ ಹತ್ತಲು ಬಿಡುವುದಿಲ್ಲ. ಹಾಲಿನದು ಸುಲಭವಾಗಿ ಮೈಗೆ ಹತ್ತುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಈ ತೊಡಕು ಕಡಿಮೆ. ಹಾಲು ಮೈಗೆ ಒಗ್ಗುವವರಿಗೆ ನನ್ನ ಆಯ್ಕೆ ಎರಡೂ.

ಕ್ಯಾಲ್ಸಿಯಂ ಮಾತ್ರೆ ಸುಮ್ನೆ ಅಲ್ಲ. ಊಟ ಸಾಲದಿದ್ದರೂ ಎದೆಹಾಲಿನ ಕ್ಯಾಲ್ಸಿಯಂ ಅಷ್ಟಾಗಿ ಇಳಿಯುವುದಿಲ್ಲ. ಅದು ತಾಯಿಯ ಮೂಳೆಯಿಂದಲೇ ಹೋಗುತ್ತದೆ! ಸರ್ಕಾರಿ ಆಸ್ಪತ್ರೆಯಲ್ಲಿ 500 ಮಿಲಿಗ್ರಾಂನ ಮಾತ್ರೆ ಕೊಡುತ್ತಾರೆ, ದಿನಕ್ಕೆರಡು, ಆರು ತಿಂಗಳು. ಊಟದ ಜೊತೆ ನುಂಗಿ, ಕಬ್ಬಿಣದ ಮಾತ್ರೆ ಜೊತೆ ಬೇಡ.

ಎದೆಹಾಲಿನಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಮಗುವಿನ ಮೂಳೆಗೆ ಡಿ ಹನಿಯ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳಿ.