ತುಮಕೂರಿನ ಸ್ಪೈರಲ್ ಪುಸ್ತಕದಲ್ಲಿ ಸ್ಪ್ಯಾನಿಷ್: ಯಾವ ಪುಟ ನಂಬಬಹುದು, ಯಾವುದನ್ನು ತಿದ್ದಿಕೊಳ್ಳಬೇಕು

ಎಸ್.ಎಸ್. ಪುರಂ ಕಡೆಯ ಜೆರಾಕ್ಸ್ ಅಂಗಡಿಯಲ್ಲಿ ಸಿಇಟಿ, ನೀಟ್ ನೋಟ್ಸ್‌ಗಳ ನಡುವೆ ಸ್ಪ್ಯಾನಿಷ್ ಕಲಿಯುವವರಿಗೂ ಒಂದು ಸ್ಪೈರಲ್ ಪುಸ್ತಕ ಸಿಗುತ್ತದೆ. ಎ4 ಅಳತೆ, 84 ಪುಟ, 180 ರೂಪಾಯಿ. ಬರೆದವರ ಹೆಸರಿಲ್ಲ. ಇರುವುದು ಎರಡೇ ವಿಷಯ: ವರ್ತಮಾನ ಕಾಲದ ಕ್ರಿಯಾಪದಗಳು, ಶಾಲೆ ಮತ್ತು ಮನೆಯ ದಿನಬಳಕೆಯ ಪದಗಳು. ವಿವರಣೆಯೆಲ್ಲ ಕನ್ನಡದಲ್ಲಿದೆ. ಆದರೆ ಕೆಲವು ಪುಟಗಳನ್ನು ಕನ್ನಡದಲ್ಲೇ ಯೋಚಿಸಿ ಬರೆದಿದ್ದಾರೆ, ಉಳಿದವನ್ನು ಯಾವುದೋ ಇಂಗ್ಲಿಷ್ ಗೈಡಿನಿಂದ ಇಳಿಸಿದ್ದಾರೆ. ತಪ್ಪುಗಳೆಲ್ಲ ಹೆಚ್ಚುಕಡಿಮೆ ಈ ಎರಡನೆಯ ಬಗೆಯ ಪುಟಗಳಲ್ಲೇ ಇವೆ.

ಕ್ರಿಯಾಪದದ ಪಟ್ಟಿ ಚೆನ್ನಾಗಿದೆ. ಮೂಲರೂಪಗಳು ಆರ್, ಎರ್, ಇರ್ ಎಂದು ಮುಗಿಯುತ್ತವೆ: ಆಬ್ಲಾರ್ ಅಂದರೆ ಮಾತಾಡು, ಕೊಮೆರ್ ಅಂದರೆ ತಿನ್ನು, ಬಿಬಿರ್ ಅಂದರೆ ವಾಸಿಸು. ಆ ಬಾಲ ಕಿತ್ತು ಬೇರೆ ಬಾಲ ಅಂಟಿಸಬೇಕು. ಪುಸ್ತಕ ಅದನ್ನು ನಮ್ಮ ಪ್ರತ್ಯಯಗಳ ಪಕ್ಕದಲ್ಲೇ ಇಟ್ಟಿದೆ: ಮಾತಾಡ್ತೀನಿ – ಆಬ್ಲೊ, ಮಾತಾಡ್ತೀಯ – ಆಬ್ಲಾಸ್, ಮಾತಾಡ್ತೀವಿ – ಆಬ್ಲಾಮೊಸ್, ಮಾತಾಡ್ತಾರೆ – ಆಬ್ಲಾನ್. ಮಾತಾಡ್ತಾನೆ, ಮಾತಾಡ್ತಾಳೆ ಎರಡಕ್ಕೂ ಆಬ್ಲಾ ಒಂದೇ. ‘ಬರ್ತೀನಿ’ ಅಂದರೆ ಸಾಕು, ‘ನಾನು’ ಬೇಕಿಲ್ಲ. ಹಾಗೆಯೇ ‘ಆಬ್ಲೊ’ ಅಂದರೆ ಸಾಕು, ‘ಯೊ’ ಬೇಕಿಲ್ಲ. ಇಂಗ್ಲಿಷ್ ದಾರಿ ಹಿಡಿದು ಬಂದವರಿಗೆ ಇದು ವಾರಗಟ್ಟಲೆ ಕಾಡುತ್ತದೆ. ನಮಗೆ ಒಂದು ಪುಟ ಸಾಕು. ಒಂದು ಎಚ್ಚರ: ಬಸ್ಸು, ಕಾರು ಅನ್ನುವ ರೂಢಿಯಲ್ಲಿ ‘ಆಬ್ಲಾಸು’ ಅನ್ನಬೇಡಿ. ಹಾಗಂತ ಕೊನೆಯ ‘ಸ್’ ನುಂಗಿದರೂ ‘ನೀನು’ ಹೋಗಿ ‘ಅವನು’ ಬರುತ್ತಾನೆ.

ಇದೇ ಪಟ್ಟಿಯಲ್ಲಿ ಒಂದು ದೊಡ್ಡ ಎಡವಟ್ಟಿದೆ. ‘ನೀವು ಮಾತಾಡ್ತೀರಿ’ ಎದುರು ‘ಆಬ್ಲಾಇಸ್’ ಎಂದಷ್ಟೇ ಬರೆದು ಕೈಬಿಟ್ಟಿದ್ದಾರೆ. ಅದು ಸ್ಪೇನಿನಲ್ಲಿ ಗೆಳೆಯರ ಗುಂಪಿಗೋ ಮಕ್ಕಳ ಗುಂಪಿಗೋ ಹೇಳುವ ‘ನೀವೆಲ್ಲ’. ಮೇಷ್ಟ್ರೊಬ್ಬರನ್ನು ಗೌರವದಿಂದ ಕರೆಯುವ ‘ನೀವು’ ಬೇರೆ, ಅದು ‘ಉಸ್ತೆದ್’. ಅದಕ್ಕೆ ‘ಅವನು’ ರೂಪವೇ ಬರುತ್ತದೆ: ಉಸ್ತೆದ್ ಆಬ್ಲಾ. ಮೆಕ್ಸಿಕೊ, ಪೆರು, ಕೊಲಂಬಿಯಾದಲ್ಲಿ ಗುಂಪಿಗೂ ‘ಉಸ್ತೆದೆಸ್ ಆಬ್ಲಾನ್’ ಎಂದೇ ಹೇಳುತ್ತಾರೆ. ಆ ಸಾಲಿನ ಮೇಲೆ ಕೆಂಪು ಪೆನ್ನಿನಲ್ಲಿ ‘ಸ್ಪೇನ್ ಮಾತ್ರ, ಗುಂಪಿಗೆ ಮಾತ್ರ’ ಎಂದು ಬರೆದುಕೊಳ್ಳಿ.

‘ಇರು’ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿರುವ ಎರಡು ಕ್ರಿಯಾಪದಗಳು ಸೆರ್, ಎಸ್ತಾರ್. ಇವುಗಳ ಬಗ್ಗೆ ಪುಸ್ತಕ ಹೇಳುವ ಸೂತ್ರ ‘ಶಾಶ್ವತವಾದರೆ ಸೆರ್, ತಾತ್ಕಾಲಿಕವಾದರೆ ಎಸ್ತಾರ್’. ಇದನ್ನು ಹೊಡೆದುಹಾಕಿ. ದೇವರಾಯನದುರ್ಗದ ಬೆಟ್ಟ ಎಲ್ಲಿಗೂ ಕದಲುವುದಿಲ್ಲ, ಆದರೂ ಅದು ‘ಎಸ್ತಾ ಎನ್ ತುಮಕೂರು’. ವಿದ್ಯಾರ್ಥಿಯಾಗಿರುವುದು ನಾಲ್ಕು ದಿನ, ಆದರೂ ‘ಸೊಯ್ ಎಸ್ತುದಿಆಂತೆ’ (ಸೊಯ್ ಎಂಬುದು ಸೆರ್‌ನ ‘ನಾನು’ ರೂಪ). ಕನ್ನಡದ ಕಿವಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇದೆ. ‘ನಾನು ವಿದ್ಯಾರ್ಥಿ’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ಅಂಥ ಕಡೆ ಸೆರ್. ‘ಮನೇಲಿದ್ದೀನಿ’ ಎಂಬಲ್ಲಿ ‘ಇದ್ದೀನಿ’ ಇದೆ. ಅಲ್ಲಿ ಎಸ್ತಾರ್: ಎಸ್ತೊಯ್ ಎನ್ ಕಾಸಾ. ಈ ಪರೀಕ್ಷೆ ಜಾರುವುದು ‘ಆಗಿದೆ’ ಎಂಬಲ್ಲಿ. ‘ಟೀ ಬಿಸಿಯಾಗಿದೆ’ ಅಂದರೆ ಸದ್ಯದ ಸ್ಥಿತಿ, ಎಸ್ತಾ. ‘ಮನೆ ದೊಡ್ಡದಾಗಿದೆ’ ಅಂದರೆ ಮನೆಯ ಗುಣ, ಸೆರ್‌ನ ರೂಪವಾದ ಎಸ್. ಇನ್ನು ನಮ್ಮ ‘ಇದೆ’ ಮೂರು ಕಡೆ ಒಡೆಯುತ್ತದೆ. ‘ಪುಸ್ತಕ ಮೇಜಿನ ಮೇಲಿದೆ’ ಎಂದು ಗೊತ್ತಿರುವ ಪುಸ್ತಕದ ಜಾಗ ಹೇಳಿದರೆ ‘ಎಸ್ತಾ’. ‘ಮೇಜಿನ ಮೇಲೆ ಒಂದು ಪುಸ್ತಕ ಇದೆ’ ಎಂದು ಹೊಸದಾಗಿ ತಿಳಿಸಿದರೆ ‘ಆಯ್’. ‘ನನ್ನ ಹತ್ರ ಪುಸ್ತಕ ಇದೆ’ ಅಂದರೆ ‘ತೆಂಗೊ’. ತಿಪಟೂರು ಇರುವ ಜಿಲ್ಲೆಯವರಿಗೆ ಈ ಕೊನೆಯ ಪದ ಮರೆಯುವ ಮಾತೇ ಇಲ್ಲ. ಪುಸ್ತಕ ಮಾತ್ರ ಅದನ್ನು ‘ಟೆಂಗೊ’ ಎಂದು ಅಚ್ಚು ಹಾಕಿದೆ.

ಉಚ್ಚಾರಣೆಯೇ ಇದರ ದುರ್ಬಲ ಭಾಗ. ಸ್ಪ್ಯಾನಿಷ್‌ನಲ್ಲಿ ಇರುವುದು ತ, ದ. ಟ, ಡ ಅಲ್ಲ. ‘ಹಬ್ಲೊ’ ಅಂತಲೂ ಇದೆ. ಬರವಣಿಗೆಯ ಆ ಮೊದಲ ಅಕ್ಷರಕ್ಕೆ (h) ಅಲ್ಲಿ ಸದ್ದೇ ಇಲ್ಲ. ‘ಜುಗಾರ್’ ಎಂದಿರುವುದು ‘ಹುಗಾರ್’ ಆಗಬೇಕು, ಆಟ ಆಡು ಎಂದರ್ಥ. ಎಲ್ಲಕ್ಕಿಂತ ಫಜೀತಿಯದು ‘ಆನೊ’. ವರ್ಷಕ್ಕೆ ‘ಆಞೊ’ ಅನ್ನಬೇಕು. ‘ನನಗೆ ಹತ್ತು ವರ್ಷ’ ಎಂಬುದು ‘ತೆಂಗೊ ದಿಎಸ್ ಆಞೊಸ್’. ಞ ಬದಲು ನ ಹಾಕಿದರೆ ಹುಡುಗ ತನ್ನ ಮೈಯಲ್ಲಿ ಕೂರುವ ಭಾಗದಲ್ಲಿರುವ ರಂಧ್ರ ಹತ್ತು ಎಂದು ಹೇಳಿದಂತಾಗುತ್ತದೆ. ವರ್ಣಮಾಲೆಯಲ್ಲಿ ಸುಮ್ಮನೆ ಕೂತಿದ್ದ ಞಕಾರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು ಅನ್ನಿ.

ಕಾಂಡ (ಬಾಲ ಕಿತ್ತ ಮೇಲೆ ಉಳಿಯುವ ಭಾಗ) ಬದಲಾಗುವ ಕ್ರಿಯಾಪದಗಳ ಉತ್ತರಪಟ್ಟಿಯಲ್ಲಿ ‘ದುಎರ್ಮಿಮೊಸ್’ ಎಂದಿದೆ, ತಪ್ಪು. ‘ಮಲಗ್ತೀನಿ’ ದುಎರ್ಮೊ, ‘ಮಲಗ್ತಾರೆ’ ದುಎರ್ಮೆನ್, ಆದರೆ ‘ಮಲಗ್ತೀವಿ’ ದೊರ್ಮಿಮೊಸ್. ಒತ್ತು ಕಾಂಡದ ಮೇಲೆ ಬಿದ್ದಾಗ ಮಾತ್ರ ‘ಒ’ ಒಡೆದು ‘ಉಎ’ ಆಗುತ್ತದೆ. ‘ಮಿಮೊಸ್’ನಲ್ಲಿ ಒತ್ತು ಬಾಲಕ್ಕೆ ಸರಿದಿರುವುದರಿಂದ ಕಾಂಡ ಹಾಗೇ ಉಳಿಯುತ್ತದೆ.

ಪದಪಟ್ಟಿ ಸುಮಾರು. ಮೊಚಿಲಾ ಚೀಲ, ಕುಆದೆರ್ನೊ ನೋಟ್‌ಬುಕ್, ಸಿಯಾ ಕುರ್ಚಿ, ಬೆಂತಾನಾ ಕಿಟಕಿ, ಕುಚಾರಾ ಚಮಚ. ಅರ್ಮಾರಿಒ ನಮ್ಮ ಅಲ್ಮೇರಾದ ನೆಂಟ. ನಮ್ಮದು ಪೋರ್ಚುಗೀಸರ ಬಾಯಿಂದ ಬಂದದ್ದು. ಆದರೆ ಯಾವ ಪದಕ್ಕೂ ಮೊದಲು ಲಿಂಗ ತೋರಿಸುವ ಎಲ್ (ಗಂಡು), ಲಾ (ಹೆಣ್ಣು) ಹಾಕಿಲ್ಲ, ಇದು ಕ್ಷಮಿಸುವ ತಪ್ಪಲ್ಲ. ಕನ್ನಡದಲ್ಲಿ ಕುರ್ಚಿ, ಮೇಜು ಎಲ್ಲ ನಪುಂಸಕ, ಹಾಗಾಗಿ ಲಿಂಗ ಊಹಿಸಲು ನಮಗೆ ಆಧಾರವೇ ಇಲ್ಲ. ‘ಒ’ ಬಂದರೆ ಗಂಡು, ‘ಆ’ ಬಂದರೆ ಹೆಣ್ಣು ಎಂಬುದು ಬಹುಪಾಲು ನಡೆಯುತ್ತದೆ, ಲಾ ಮಾನೊ (ಕೈ), ಎಲ್ ಮಾಪಾ (ನಕ್ಷೆ), ಎಲ್ ದೀಆ (ದಿನ) ಬಂದಾಗ ಕೈಕೊಡುತ್ತದೆ. ಪ್ರತಿ ಪದದ ಮೊದಲು ನೀವೇ ಎಲ್ ಅಥವಾ ಲಾ ಬರೆದುಕೊಳ್ಳಬೇಕು.

ಕೊನೆಗೆ, ಇದು ಜೆರಾಕ್ಸಿನ ಜೆರಾಕ್ಸ್. ಮಸುಕು ಪ್ರತಿಯಲ್ಲಿ ಸ್ಪ್ಯಾನಿಷ್ ಅಕ್ಷರಗಳ ಮೇಲಿನ ಓರೆಗೆರೆ ಹಾರಿಹೋಗಿರುತ್ತದೆ. ಆ ಗೆರೆ ಇದ್ದರೆ ‘ಪಾಪಾ’ ಅಪ್ಪ, ಇಲ್ಲದಿದ್ದರೆ ಲ್ಯಾಟಿನ್ ಅಮೆರಿಕದಲ್ಲಿ ಆಲೂಗಡ್ಡೆ. ಕೊಳ್ಳುವ ಮೊದಲು ಕುಟುಂಬದ ಪದಗಳ ಪುಟ ತೆರೆದು ಬೆಳಕಿಗೆ ಹಿಡಿಯಿರಿ, ಗೆರೆ ಕಾಣದಿದ್ದರೆ ಬೇರೆ ಪ್ರತಿ ಕೇಳಿ.