ಟಬಾಟಾ ವಾಸಿಯೋ, 4×4 ವಾಸಿಯೋ?

ಟಬಾಟಾ, 4×4 ಎರಡೂ ಬಿರುಸಾಗಿ ಮಾಡಿ, ನಡುನಡುವೆ ಸುಧಾರಿಸಿಕೊಳ್ಳುವ ವ್ಯಾಯಾಮಗಳು. ಟಬಾಟಾ ಬರೀ 4 ನಿಮಿಷದ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 4 ನಿಮಿಷ ನಿಜ. ಆದರೆ ಅದಕ್ಕೂ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಬೇಕು, ಮುಗಿದ ಮೇಲೆ ಹತ್ತು ನಿಮಿಷ ನೆಲದ ಮೇಲೆ ಬಿದ್ದುಕೊಂಡಿರಬೇಕು.

ನನಗೆ 43. ಇಸಿಜಿ ಮಾಡಿಸಿ, ಡಾಕ್ಟರು ಹೂಂ ಅಂದ ಮೇಲೆ ಎಂಟು ವಾರ ಮನೆಯ ವ್ಯಾಯಾಮದ ಸೈಕಲ್ ಮೇಲೆ ಟಬಾಟಾ ಮಾಡಿದೆ. 20 ಸೆಕೆಂಡ್ ಜೀವ ಹೋಗೋ ಹಾಗೆ ತುಳಿಯುವುದು, 10 ಸೆಕೆಂಡ್ ಬಿಡುವುದು, ಹೀಗೆ ಎಂಟು ಸಲ. ಜಪಾನಿನ ಇಝುಮಿ ಟಬಾಟಾ 1996ರಲ್ಲಿ ಪ್ರಕಟಿಸಿದ ಪ್ರಯೋಗವೂ ಸೈಕಲ್ ಮೇಲೇ ನಡೆದದ್ದು. ಟಬಾಟಾ ಅಂತ ಹೆಸರಿಟ್ಟು ಅರ್ಧ ಗಂಟೆ ಕುಣಿಸುತ್ತಾರಲ್ಲ, ಅದು ಬೇರೆಯೇ. ನಿಜವಾದದ್ದನ್ನು ಅರ್ಧ ಗಂಟೆ ಯಾರೂ ಮಾಡಲಾರರು.

ಮೊದಲ ವಾರ ಐದನೇ ಸುತ್ತಿಗೇ ತೊಡೆ ಕಲ್ಲಾಗುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ನಾಲ್ಕನೇ ವಾರಕ್ಕೆ ಎಂಟೂ ಸುತ್ತು ಮುಗಿಸಿದೆ. ಆಮೇಲೆ ಏನೂ ಬದಲಾಗಲಿಲ್ಲ. ತಪ್ಪು ನನ್ನದೇ, ಸೈಕಲ್ಲಿನ ಪೆಡಲ್ ಬಿಗಿ ಹೆಚ್ಚಿಸಿರಲಿಲ್ಲ. ಮೈಗೆ ಅಭ್ಯಾಸವಾದ ಕೆಲಸ ಕಷ್ಟವೇ ಅಲ್ಲ, ಅಲ್ವಾ? ಬೆಳಿಗ್ಗೆ ಏಳುವ ಮೊದಲು ಎಣಿಸುವ ನಾಡಿ 74ರಿಂದ 71ಕ್ಕೆ ಬಂತು, ಅಷ್ಟೇ.

ಆಮೇಲೆ 4×4. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಬೆಳೆದ ಪದ್ಧತಿ. ಗರಿಷ್ಠ ಎದೆಬಡಿತದ ಶೇ. 90–95ರಲ್ಲಿ 4 ನಿಮಿಷ, ಆಮೇಲೆ 3 ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ನಾನು ಆರಿಸಿಕೊಂಡಿದ್ದು ಚಾಮುಂಡಿ ಬೆಟ್ಟದ ಮೆಟ್ಟಿಲು. 4 ನಿಮಿಷ ಬಿರಬಿರನೆ ಹತ್ತುವುದು, 3 ನಿಮಿಷ ಮೆಲ್ಲಗೆ ಇಳಿಯುವುದು. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ಮೂರು ಸಲ ನೋಡಿ, "ಇಷ್ಟು ಹತ್ತಿ ಮತ್ತೆ ಯಾಕಪ್ಪಾ ಇಳೀತೀಯ?" ಅಂದರು. ಉತ್ತರ ಹೇಳಲು ಉಸಿರಿರಲಿಲ್ಲ.

ಇಲ್ಲಿ ಲೆಕ್ಕ ಸುಲಭ. ಮೊದಲ ವಾರ 4 ನಿಮಿಷಕ್ಕೆ 180 ಮೆಟ್ಟಿಲು, ಎಂಟನೇ ವಾರ 230. ಎರಡನೇ ವಾರಕ್ಕೇ ಹಗುರ ಅನಿಸಿತು. ಅಷ್ಟು ಬೇಗ ಹೃದಯ ಬೆಳೆಯುವುದಿಲ್ಲ. ಮೊದಲು ಹೆಚ್ಚುವುದು ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ. ಹೃದಯಕ್ಕೆ ವಾಪಸ್ ಬರುವ ರಕ್ತ ಜಾಸ್ತಿಯಾಗಿ, ಒಂದು ಬಡಿತಕ್ಕೆ ಹೊರದೂಡುವುದೂ ಜಾಸ್ತಿಯಾಗುತ್ತದೆ. ಸ್ನಾಯುವಿನೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ, ಸಣ್ಣ ರಕ್ತನಾಳಗಳು ಹೆಚ್ಚಲು ವಾರಗಟ್ಟಲೆ ಬೇಕು. ಗರಿಷ್ಠ ಬಡಿತ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಅದೇ ಮೆಟ್ಟಿಲಿಗೆ ಕಡಿಮೆ ಬಡಿತ ಸಾಕಾಗುತ್ತದೆ, ಅದೇ ಲಾಭ. ನನ್ನ ಬೆಳಗಿನ ನಾಡಿ 65ಕ್ಕೆ ಇಳಿಯಿತು. ಟಬಾಟಾ ಮೊದಲೇ ಮಾಡಿದ್ದರಿಂದ 4×4ಗೆ ಹದವಾದ ಮೈ ಸಿಕ್ಕಿತ್ತು, ಅದನ್ನೂ ಒಪ್ಪಿಕೊಳ್ಳಬೇಕು. ಇಳಿಯುವಾಗ ಮಂಡಿ ನೋವು ಬಂದದ್ದೂ ನಿಜ.

ಆದರೂ ನನ್ನ ಓಟು 4×4ಗೇ. ಟಬಾಟಾ ಮಾಡುವ ಹಿಂದಿನ ರಾತ್ರಿಯೇ ನನಗೆ ಭಯವಾಗುತ್ತಿತ್ತು. ಭಯಪಡುವ ಕೆಲಸವನ್ನು ಎಷ್ಟು ದಿನ ಮಾಡೋಕಾಗುತ್ತೆ? ಈಗ ವಾರಕ್ಕೆರಡು ದಿನ ಬೆಟ್ಟ, ಮಳೆ ಬಂದರೆ ಸೈಕಲ್.

ಮೊನ್ನೆ ಮದುವೆ ಓಡಾಟದಲ್ಲಿ ಹದಿನೈದು ದಿನ ಬಿಟ್ಟಿದ್ದೆ. ಬೇಗ ಬಂದ ಪ್ಲಾಸ್ಮಾ ಹೋಗುವುದೂ ಬೇಗ. ವಾಪಸ್ ಬಂದ ದಿನ 4 ನಿಮಿಷಕ್ಕೆ 205ನೇ ಮೆಟ್ಟಿಲಲ್ಲೇ ನಿಂತೆ.