ಬಾಲಿಯೋ, ಶ್ರೀಲಂಕಾನೋ? ಒಬ್ಬ ಬಿದ್ರಿ ಅಂಗಡಿಯವನ ಲೆಕ್ಕ

ಬೀದರ್‌ನ ಚೌಬಾರಾ ಹತ್ತಿರ ನಮ್ಮದೊಂದು ಸಣ್ಣ ಬಿದ್ರಿ ಅಂಗಡಿ ಇದೆ. ಬಿದ್ರಿ ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ತಂತಿ ಕೂರಿಸುವ ಕೈಕೆಲಸ. ವರ್ಷಕ್ಕೊಮ್ಮೆ ಶಟರ್ ಎಳೆದು ನಾನು, ಹೆಂಡತಿ ಎಲ್ಲಾದರೂ ಹೋಗಿ ಬರುತ್ತೇವೆ. ಹೋದ ವರ್ಷ ಶ್ರೀಲಂಕಾ, ಈ ಸಲ ಬಾಲಿ. ಎರಡೂ ಕಡೆ ಒಂದೊಂದು ವಾರ, ಎರಡಕ್ಕೂ ಹೈದರಾಬಾದಿಗೆ ಹೋಗಿ ವಿಮಾನ ಹತ್ತಿದ್ದು. ಬಂದಾಗಿನಿಂದ ಬಜಾರಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು: ಯಾವುದು ಚಲೋ ಐತಿ?

ಖರ್ಚಲ್ಲಿ ಶ್ರೀಲಂಕಾ ಹಗುರ. ನಮ್ಮ ಒಂದು ರೂಪಾಯಿಗೆ ಅಲ್ಲಿನದು ಮೂರಕ್ಕೂ ಜಾಸ್ತಿ ಸಿಗುತ್ತದೆ. ಬಾಲಿಯಲ್ಲಿ ಎಟಿಎಂನಿಂದ ಹತ್ತು ಲಕ್ಷ ರುಪಯಾ ತೆಗೆದು ಜೇಬಿಗೆ ಹಾಕಿಕೊಂಡಾಗ ಸಾಹುಕಾರ ಆದ ಹಾಗೆ ಅನಿಸಿತು. ಲೆಕ್ಕ ಹಾಕಿದರೆ ನಮ್ಮ ಐದು ಸಾವಿರ ಚಿಲ್ಲರೆ, ಅಷ್ಟೇ! ಮೇಲಿಂದ 2024ರ ಫೆಬ್ರುವರಿಯಿಂದ ಹೊರದೇಶದ ಪ್ರತಿ ಪ್ರವಾಸಿಯಿಂದ ಒಂದೂವರೆ ಲಕ್ಷ ರುಪಯಾ ತೆರಿಗೆ ತಗೊಳ್ಳುತ್ತಾರೆ. ವೀಸಾ ಖರ್ಚು ಬೇರೆ.

ಊಟದ ಬಗ್ಗೆ ಒಂದು ಎಚ್ಚರಿಕೆ. ನನ್ನ ಹೆಂಡತಿ ಮೊಟ್ಟೆಯನ್ನೂ ಮುಟ್ಟಲ್ಲ. ಎರಡೂ ದ್ವೀಪದಲ್ಲಿ ಆಕೆಗೆ ಮೋಸ ಆಗಿದ್ದು ಚಟ್ನಿಯಲ್ಲಿ. ಶ್ರೀಲಂಕಾದ ಕೊಬ್ಬರಿ ಸಂಬೋಲಕ್ಕೆ ಒಣಮೀನಿನ ಪುಡಿ ಹಾಕುವುದುಂಟು. ಬಾಲಿಯ ಸಂಬಾಲದಲ್ಲಿ ಸಿಗಡಿ ಅರೆದಿರುವುದುಂಟು. ಕೇಳಿಯೇ ತಿನ್ನಿ. ಅದು ಬಿಟ್ಟರೆ ಶ್ರೀಲಂಕಾದ ಬೇಳೆ, ಅನ್ನ, ಅಪ್ಪ ನಮಗೆ ಒಗ್ಗುತ್ತದೆ. ಬಾಲಿಯ ಟೆಂಪೆ (ಹುದುಗಿಸಿದ ಸೋಯಾ ಕಾಳಿನ ಗಟ್ಟಿ) ನನಗೆ ಸೇರಿತು, ಆಕೆಗೆ ಸೇರಲಿಲ್ಲ. ಕೊನೆಯ ಮೂರು ದಿನ ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯೇ ಗತಿ.

ನೋಡುವ ಜಾಗಕ್ಕೆ ಬಂದರೆ ನನ್ನ ಓಟು ಶ್ರೀಲಂಕಾದ ಸಿಗಿರಿಯಕ್ಕೆ. ಐದನೇ ಶತಮಾನದಲ್ಲಿ ಕಾಶ್ಯಪ ಎಂಬ ರಾಜ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ ಜಾಗ. ಅರ್ಧ ದಾರಿಯಲ್ಲಿ ಎರಡು ದೊಡ್ಡ ಸಿಂಹದ ಪಾದ ಇವೆ. ಸಿಂಹದ ತಲೆ ಯಾವತ್ತೋ ಬಿದ್ದು ಹೋಗಿದೆ. ಹೆಂಡತಿ ಆ ಪಾದದ ಹತ್ತಿರವೇ ಕೂತುಬಿಟ್ಟಳು, ಮೊಣಕಾಲು ಕೇಳಲಿಲ್ಲ. ಟಿಕೆಟ್ ತಗೊಳ್ಳುವಾಗ ಪಾಸ್‌ಪೋರ್ಟ್ ತೋರಿಸಿ, ನಮ್ಮ ದೇಶವೂ ಸೇರಿದ ಸಾರ್ಕ್ ಗುಂಪಿನ ದೇಶದವರಿಗೆ ರಿಯಾಯಿತಿ ಇದೆ. ಮೊದಲ ದಿನ ನಮಗೆ ಇದನ್ನು ಯಾರೂ ಹೇಳಲಿಲ್ಲ, ಒಂದು ಕಡೆ ಸುಮ್ನೆ ಪೂರ್ತಿ ದುಡ್ಡು ಕೊಟ್ಟೆವು.

ಕುಣಿತದಲ್ಲಿ ಮಾತ್ರ ಬಾಲಿ ಗೆದ್ದಿತು. ಶ್ರೀಲಂಕಾದ ಕ್ಯಾಂಡಿಯಲ್ಲಿ ಡೋಲು, ಬೆಂಕಿ ತುಳಿಯುವುದು ಎಲ್ಲಾ ಇತ್ತು, ಚೆನ್ನಾಗಿಯೇ ಇತ್ತು. ಆದರೆ ಬಾಲಿಯ ಉಲುವಾಟುವಿನಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುವ ಹೊತ್ತಿಗೆ ಗಂಡಸರ ದೊಡ್ಡ ಗುಂಪು ವೃತ್ತವಾಗಿ ಕೂತು ಬರೀ ಬಾಯಲ್ಲೇ ‘ಚಕ್ ಚಕ್ ಚಕ್’ ಅನ್ನುತ್ತಾ ರಾಮಾಯಣ ನಡೆಸುತ್ತಾರೆ. ಅದು ಕೆಚಕ್. ಒಂದು ವಾದ್ಯವೂ ಇಲ್ಲ! ಹನುಮಂತ ಬಂದು ಜನರ ನಡುವೆಯೇ ಕೂತ. ನಿಜವಾದ ಮಂಗ ಅದಕ್ಕೂ ಮೊದಲೇ ನನ್ನ ಕನ್ನಡಕ ಕಿತ್ತುಕೊಂಡು ಹೋಗಿತ್ತು. ಇಡೀ ರಾಮಾಯಣವನ್ನು ಮಬ್ಬಾಗಿಯೇ ನೋಡಿದೆ.

ಇನ್ನು ನನ್ನ ಕಸುಬಿನ ಮಾತು. ಇದಕ್ಕಾಗಿಯೇ ಇಷ್ಟು ಬರೆಯುತ್ತಿರುವುದು.

ಶ್ರೀಲಂಕಾದವರು ಹೆಸರು ಮಾರುವುದರಲ್ಲಿ ಜಾಣರು. ಕಾಫಿ ಗಿಡಕ್ಕೆ ರೋಗ ಬಂದು ತೋಟಗಳು ಹಾಳಾದ ಮೇಲೆ ಚಹಾ ಹಿಡಿದ ದೇಶ ಅದು. ಮೊದಲ ಚಹಾ ತೋಟ ಆ ರೋಗಕ್ಕೂ ಮೊದಲೇ, 1867ರಲ್ಲಿ ಶುರುವಾಗಿತ್ತು. 1972ರಲ್ಲಿ ದೇಶದ ಹೆಸರೇ ಬದಲಾದರೂ ಚಹಾ ಇವತ್ತಿಗೂ ‘ಸಿಲೋನ್ ಟೀ’. ಪೊಟ್ಟಣದ ಮೇಲೆ ಕತ್ತಿ ಹಿಡಿದ ಸಿಂಹದ ಗುರುತು. ಪೂರ್ತಿ ಅಲ್ಲಿನದೇ ಎಲೆ, ಅಲ್ಲೇ ಪ್ಯಾಕ್ ಆಗಿದ್ದರೆ ಮಾತ್ರ ಆ ಸಿಂಹ. ನುವರ ಎಲಿಯ ದಾರಿಯ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವುದರಿಂದ ಒಣಗಿಸುವ ತನಕ ಎಲ್ಲ ತೋರಿಸಿ, ಒಂದು ಕಪ್ ಕೊಟ್ಟು, ಮೆಲ್ಲಗೆ ಅಂಗಡಿಯೊಳಗೆ ಬಿಡುತ್ತಾರೆ. ನಾನೂ ಎರಡು ಕಿಲೋ ತಂದೆ. ನಮ್ಮ ಬಿದ್ರಿಗೂ 2006ರಿಂದ ಜಿಐ ಟ್ಯಾಗ್ ಇದೆ, ಅಂದರೆ ಇದು ಈ ಊರ ಕಡೆಯದೇ ಮಾಲು ಎಂಬ ಸರ್ಕಾರಿ ಗುರುತು. ನನ್ನ ಗಿರಾಕಿಗಳಲ್ಲಿ ಅದನ್ನು ಕೇಳಿದವರು ಒಬ್ಬರೂ ಇಲ್ಲ. ತಪ್ಪು ಅವರದಲ್ಲ, ನಾನು ತೋರಿಸಿದ್ದರೆ ತಾನೇ?

ಬಾಲಿಯವರು ಹೆಸರಿಗಿಂತ ಕೆಲಸವನ್ನೇ ಮಾರುತ್ತಾರೆ. ಉಬುದ್ ದಾರಿಯಲ್ಲಿ ಬಟುಬುಲಾನ್‌ನಲ್ಲಿ ಕಲ್ಲು ಕೆತ್ತನೆ, ಚೆಲುಕ್‌ನಲ್ಲಿ ಬೆಳ್ಳಿ, ಮಾಸ್‌ನಲ್ಲಿ ಮರ. ಊರಿಗೊಂದು ಕಸುಬು. ನಮ್ಮ ಡ್ರೈವರ್ ಮೊದಲು ಕಮಿಷನ್ ಸಿಗುವ ಒಂದು ಬಾಟಿಕ್ ಅಂಗಡಿಗೇ ಕರಕೊಂಡು ಹೋದ. ಎಲ್ಲಾ ಊರಲ್ಲೂ ಇದು ಇದ್ದದ್ದೇ ಅಲ್ವಾ. ಆಮೇಲೆ ಚೆಲುಕ್‌ಗೆ ಬಂದು ಒಂದು ಮನೆಯ ಹಿಂದಿನ ಪಡಸಾಲೆಯಲ್ಲಿ ಕೂತೆ. ದುಡ್ಡು ಕೊಟ್ಟರೆ ಮೂರು ಗಂಟೆಯಲ್ಲಿ ನಮ್ಮ ಕೈಯಿಂದಲೇ ಉಂಗುರ ಮಾಡಿಸುತ್ತಾರೆ. ನನಗೆ ಬೆಳ್ಳಿ ಹೊಸದಲ್ಲ. ಆದರೆ ನಾವು ಬೆಳ್ಳಿ ತಂತಿಯನ್ನು ಗೀರಿನ ಒಳಗೆ ಬಡಿದು ಕೂರಿಸುತ್ತೇವೆ. ಅವರು ಸಾಸಿವೆಗಿಂತ ಸಣ್ಣ ಬೆಳ್ಳಿ ಕಾಳುಗಳನ್ನು ಮೇಲೆ ಸಾಲಾಗಿ ಜೋಡಿಸಿ ಬೆಸೆಯುತ್ತಾರೆ. ಅದಕ್ಕೆ ಜವಾನ್ ಅನ್ನುತ್ತಾರೆ. ಕುಂಚದ ತುದಿಯಲ್ಲಿ ಒಂದೊಂದೇ ಕಾಳು ಎತ್ತಿ ಇಡಬೇಕು. ಮೂರನೆಯದು ಇಡುವಾಗ ಮೊದಲನೆಯದು ಉರುಳುತ್ತಿತ್ತು. ಕಲಿಸುತ್ತಿದ್ದ ಹುಡುಗ ನಗಲಿಲ್ಲ, ಸುಮ್ಮನೆ ಮತ್ತೆ ಎತ್ತಿ ಕೊಟ್ಟ. ಪಕ್ಕದಲ್ಲಿದ್ದ ವಿದೇಶಿ ಹೆಂಗಸು ತನ್ನ ಡೊಂಕು ಉಂಗುರಕ್ಕೆ ಶೋಕೇಸ್ ಉಂಗುರಕ್ಕಿಂತ ಜಾಸ್ತಿ ಕೊಟ್ಟು ಖುಷಿಯಾಗಿ ಹೋದಳು.

ಅಪ್ಪ ಅಮ್ಮನ ಜೊತೆ ಹೋಗುವವರಿಗೆ, ದುಡ್ಡು ನೋಡಿ ಖರ್ಚು ಮಾಡುವವರಿಗೆ ನಾನು ಶ್ರೀಲಂಕಾನೇ ಹೇಳುವುದು. ಕೈಕೆಲಸದವರು, ಅಂಗಡಿಯವರು ಸಾಲ ಮಾಡದೆ ಆಗುವುದಾದರೆ ಬಾಲಿಗೆ ಹೋಗಿ ಬರಲಿ.

ನಾನಂತೂ ಬಂದ ವಾರವೇ ಅಂಗಡಿ ಮುಂದೆ ಎರಡು ಸ್ಟೂಲ್ ಹಾಕಿದೆ. ಹೋದ ಭಾನುವಾರ ಕೋಟೆ ನೋಡಲು ಬಂದಿದ್ದ ಹೈದರಾಬಾದಿನ ಹುಡುಗಿಯೊಬ್ಬಳು ಎರಡು ಗಂಟೆ ಕೂತು ಒಂದು ಎಲೆ ಗೀರಿ, ತಂತಿ ಬಡಿದಳು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಎಂಬ ಉಪ್ಪು ಕಲಸಿದ ಬಿಸಿನೀರಿಗೆ ಅದನ್ನು ಬಿಟ್ಟೆ. ಬೂದು ಲೋಹ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯಿತು. ಆಕೆ ‘ಅರೆ!’ ಅಂದಳು. ಇಷ್ಟು ವರ್ಷ ಈ ಕೆಲಸವನ್ನು ನಾನು ಹಿತ್ತಲಲ್ಲಿ ಮಾಡುತ್ತಿದ್ದೆ. ಎಲೆ ಸ್ವಲ್ಪ ಸೊಟ್ಟಗಿತ್ತು. ರೇಟು ಎಷ್ಟು ಹೇಳಬೇಕೆಂದು ತೋಚದೆ ಹೆಂಡತಿಯ ಮುಖ ನೋಡಿದೆ.